ಯಾರದೋ ಮಕ್ಕಳ ರೈಲು

ಡಿಸೆಂಬರ್ 17, 1941. ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಹಾಕಿ ಹತ್ತೇ ದಿನ. ಅಮೆರಿಕದ ನೆಬ್ರಾಸ್ಕದ ಬಯಲಲ್ಲಿ ನಾರ್ತ್ ಪ್ಲಾಟ್ ಅಂತ ಒಂದು ರೈಲ್ವೆ ಊರು, ಹೆಚ್ಚೆಂದರೆ ಹನ್ನೆರಡು ಸಾವಿರ ಜನ. 'ನಮ್ಮ ನೆಬ್ರಾಸ್ಕದ ಸೈನಿಕ ತುಕಡಿ, ಡಿ ಕಂಪನಿಯ ಹುಡುಗರು ಇವತ್ತು ಈ ದಾರಿಯಾಗೇ ಹೋಗುತ್ತಾರಂತೆ' ಎಂದು ಸುದ್ದಿ ಹಬ್ಬಿದ್ದೇ ತಡ, ತಾಯಂದಿರು, ತಂಗಿಯರು, ಹೆಂಡಂದಿರು ಕೇಕು, ಕುಕಿ ಹೊತ್ತು ಚಳಿಯಲ್ಲಿ ಸ್ಟೇಷನ್ನಿಗೆ ಓಡಿದರು. ರೈಲು ಬಂತು. ಡಿ ಕಂಪನಿಯೇನೋ ಹೌದು, ಆದರೆ ಪಕ್ಕದ ಕ್ಯಾನ್ಸಸ್ ರಾಜ್ಯದ್ದು! ಒಳಗಿದ್ದವರೆಲ್ಲ ಯಾರದೋ ಮಕ್ಕಳು.

ಬುಟ್ಟಿ ಎತ್ತಿಕೊಂಡು ಮನೆಗೆ ಮರಳಬಹುದಿತ್ತು. ಮರಳಲಿಲ್ಲ! ತಮ್ಮ ಮಕ್ಕಳಿಗೆಂದು ತಂದದ್ದನ್ನೆಲ್ಲ ಆ ಹುಡುಗರ ಕೈಗಿಟ್ಟರು.

ಆ ಗುಂಪಿನಲ್ಲಿ ರೇ ವಿಲ್ಸನ್ ಇದ್ದಳು. ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಊರವರು ಎದುರು ನೋಡುತ್ತಿದ್ದ ಕಂಪನಿಗೆ ಅವಳ ಸಹೋದರನೇ ನಾಯಕ. ಅವನು ಬರಲಿಲ್ಲ. ಅವಳು ಊರಿನ ಪತ್ರಿಕೆಗೆ ಪತ್ರ ಬರೆದಳು: ಇನ್ನು ಮುಂದೆ ಬರುವ ಎಲ್ಲ ಸೈನಿಕ ರೈಲುಗಳನ್ನೂ ಹೀಗೇ ಎದುರುಗೊಳ್ಳೋಣ, ನಡೆಸುವ ಹೊಣೆ ನನಗಿರಲಿ, ಸಂಬಳ ಬೇಡ. ಕ್ರಿಸ್‌ಮಸ್ ದಿನವೇ ಕ್ಯಾಂಟೀನ್ ಶುರು! ಯೂನಿಯನ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷ ವಿಲಿಯಂ ಜೆಫರ್ಸ್ ಇದೇ ಊರಲ್ಲಿ ಹುಟ್ಟಿದವರು. ಸ್ಟೇಷನ್ನಿನಲ್ಲಿ ಖಾಲಿ ಬಿದ್ದಿದ್ದ ಊಟದ ಕೋಣೆಯನ್ನು ಬಿಟ್ಟುಕೊಟ್ಟರು.

ಈಗ ಆ ಹತ್ತು ನಿಮಿಷ ನೋಡಿ. ಉಗಿ ಎಂಜಿನ್ ನೀರು ಕುಡಿದು, ಎಣ್ಣೆ ಹಾಕಿಸಿಕೊಳ್ಳಲು ನಿಲ್ಲುತ್ತಿದ್ದುದು ಹತ್ತು, ಹೆಚ್ಚೆಂದರೆ ಹದಿನೈದು ನಿಮಿಷ. ಅಷ್ಟರಲ್ಲಿ ನೂರಾರು ಹುಡುಗರು ಧುಮುಕಿ, ಓಡಿ ಬಂದು, ತಿಂದು, ಮತ್ತೆ ಹತ್ತಬೇಕು! ಸೈನಿಕ ರೈಲಿನ ವೇಳೆ ಗುಟ್ಟು. ಹಾಗಾಗಿ ರೈಲ್ವೆಯವರು ಕಾಫಿ ಪಾತ್ರೆ ಒಲೆಯ ಮೇಲಿದೆ ಎಂದು ಸುದ್ದಿ ಮುಟ್ಟಿಸಿದರೆ ಸಾಕು, ಹೆಂಗಸರಿಗೆ ಅರ್ಥವಾಗುತ್ತಿತ್ತು. ಇಳಿಯಲಾಗದ ಗಾಯಾಳುಗಳ ರೈಲು ಬಂದರೆ ಹುಡುಗಿಯರೇ ಬುಟ್ಟಿ ಹಿಡಿದು ಬೋಗಿಗಳತ್ತ ಓಡುತ್ತಿದ್ದರು.

ಸರ್ಕಾರದ ದುಡ್ಡಲ್ಲ ಇದು. ಸಕ್ಕರೆಗೆ ರೇಷನ್, ಪೆಟ್ರೋಲಿಗೆ ರೇಷನ್. ಆದರೂ ಸುತ್ತಲಿನ ಸುಮಾರು 125 ಊರುಗಳು ಜಾತ್ರೆಯ ದಾಸೋಹದ ಹಾಗೆ ಸರದಿ ಹಂಚಿಕೊಂಡವು. ಮನೆಯವರ ಪಾಲಿನ ಸಕ್ಕರೆ ಕೂಡಿಟ್ಟು, ರೊಟ್ಟಿ ಸುಟ್ಟು, ಮೊಟ್ಟೆ ಬೇಯಿಸಿ, ದೂರದ ಹೊಲಮನೆಗಳಿಂದ ಹೆಂಗಸರು ಬರುತ್ತಿದ್ದರು. ಒಂದೇ ತಿಂಗಳಲ್ಲಿ 40 ಸಾವಿರಕ್ಕೂ ಹೆಚ್ಚು ಕುಕಿ, 30 ಸಾವಿರಕ್ಕೂ ಹೆಚ್ಚು ಬೇಯಿಸಿದ ಮೊಟ್ಟೆ ಖರ್ಚಾದದ್ದುಂಟು! ಅಂಗಡಿಯಲ್ಲಿ ಮಾಂಸ ಸಿಗದಿದ್ದರೇನು, ಹೊಲಗಳ ತುಂಬ ಫೆಸಂಟ್ ಹಕ್ಕಿಗಳಿದ್ದವಲ್ಲ. ಆ ಫೆಸಂಟ್ ಸ್ಯಾಂಡ್‌ವಿಚ್ಚೇ ಈ ಸ್ಟೇಷನ್ನಿಗೆ ಹೆಸರು ತಂದಿತು. ಪಾಪ್‌ಕಾರ್ನ್ ಉಂಡೆಗಳಲ್ಲಿ ಹುಡುಗಿಯರು ತಮ್ಮ ಹೆಸರು, ವಿಳಾಸದ ಚೀಟಿ ಸೇರಿಸುತ್ತಿದ್ದರು. ಅದರಿಂದ ಪತ್ರಗಳು, ಪತ್ರಗಳಿಂದ ಮದುವೆಗಳು!

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಹುಟ್ಟುಹಬ್ಬದ ಕೇಕು. 'ಇವತ್ತು ನನ್ನ ಹುಟ್ಟುಹಬ್ಬ' ಎಂದ ಹುಡುಗನಿಗೆ ತುಂಡಲ್ಲ, ಇಡೀ ಕೇಕು. ಹೆಸರೂ ಗೊತ್ತಿಲ್ಲದ, ಮತ್ತೆಂದೂ ನೋಡಲಾಗದ ಹುಡುಗನಿಗೆ! ತಮ್ಮ ಮನೆಯ ಮಗುವಿನ ಕೇಕಿಗೇ ಸಕ್ಕರೆ ಸಾಲದ ದಿನಗಳಲ್ಲಿ! ಇನ್ನೊಂದು ಮಾತು: ಸೈನ್ಯವೇ ಕಪ್ಪು ಜನರನ್ನು ಬೇರೆ ತುಕಡಿಗಳಲ್ಲಿ ಇಟ್ಟಿದ್ದ ಕಾಲ ಅದು. ಈ ಮೇಜಿನ ಮುಂದೆ ಯಾರು ನಿಂತರೂ ಅದೇ ಕಾಫಿ, ಅದೇ ಮಾತುಕತೆ.

ಕೊಡಲು ಏನೂ ಇಲ್ಲದ ಮಕ್ಕಳೂ ಸುಮ್ಮನಿರಲಿಲ್ಲ. ಜೀನ್ ಸ್ಲಾಟರಿ ಎಂಬ ಪುಟ್ಟ ಹುಡುಗ ಸಂತೆಯ ಹರಾಜಿನಲ್ಲಿ ತೊಟ್ಟ ಅಂಗಿಯನ್ನೇ ಬಿಚ್ಚಿ ಮಾರಿದ, ದುಡ್ಡು ಕ್ಯಾಂಟೀನಿಗೆ ಕೊಟ್ಟ. ಒಂದು ಸಲವಲ್ಲ, ಮತ್ತೆ ಮತ್ತೆ! ಅಧ್ಯಕ್ಷ ರೂಸ್‌ವೆಲ್ಟ್ ಕಳಿಸಿದ ಐದು ಡಾಲರೂ ಅದೇ ಡಬ್ಬಿ ಸೇರಿತು.

ಲೆಕ್ಕ ಹಾಕಿ: ಸುಮಾರು 55 ಸಾವಿರ ಸ್ವಯಂಸೇವಕರು, ಬಹುಪಾಲು ಹೆಂಗಸರು, ಉಪಚಾರ ಪಡೆದವರು ಸುಮಾರು 60 ಲಕ್ಷ, ಆ ಊರಿನ ಐನೂರು ಪಟ್ಟು! ಜಪಾನ್ ಶರಣಾದ ಮೇಲೂ ಅವರು ಬಾಗಿಲು ಹಾಕಲಿಲ್ಲ. ಮನೆಗೆ ಮರಳುವ ಹುಡುಗರಿಗೂ ಹಸಿವಿತ್ತಲ್ಲ! 1946ರ ಏಪ್ರಿಲ್ 1ರವರೆಗೆ, ಇನ್ನೂ ಏಳು ತಿಂಗಳು, ರೈಲು ಬಂದಾಗಲೆಲ್ಲ ಹೆಂಗಸರು ಬುಟ್ಟಿ ಹಿಡಿದು ಓಡಿದರು.