ಎರಡು ಹನಿ ನೀರಿನಷ್ಟು ಮಾಣಿಕ್ಯ

ಉಂಗುರದಿಂದ ಕಳಚಿದ ಕೆಂಪು ಹರಳೊಂದು ಮೇಜಿನ ಮೇಲಿದೆ. ತೂಕ 0.4 ಗ್ರಾಂ, ಅಂದರೆ ಎರಡು ಕ್ಯಾರಟ್. ಮಾಣಿಕ್ಯವೋ, ಗಾಜಿನ ಚೂರೋ? ಮಾಣಿಕ್ಯದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 4 ಗ್ರಾಂ, ಸಾಮಾನ್ಯ ಗಾಜಿನದು 2.5. ತೂಕವನ್ನು ಗಾತ್ರದಿಂದ ಭಾಗಿಸಿದರಾಯಿತು. ತೊಡಕಿರುವುದು ಗಾತ್ರದಲ್ಲೇ. ಮಾಣಿಕ್ಯವೇ ಆಗಿದ್ದರೆ ಅದು ಕೇವಲ 0.1 ಮಿಲಿಲೀಟರ್, ಎರಡು ಹನಿ ನೀರಿನಷ್ಟು. ಅಳತೆ ಜಾಡಿಗೆ ಹಾಕಿದರೆ ನೀರು ಏರಿದ್ದು ಕಣ್ಣಿಗೇ ಕಾಣದು.

ಹಾಗಾಗಿ ಪ್ರಯೋಗಾಲಯದಲ್ಲಿ ಗಾತ್ರವನ್ನೂ ತೂಗಿಯೇ ತಿಳಿಯುತ್ತಾರೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಡೆನ್ಸಿಟಿ ಬಾಟಲ್ ನೆನಪಿರಬಹುದು: ಪುಟ್ಟ ಸೀಸೆ, ಗಾಜಿನ ಬಿರಡೆ, ಬಿರಡೆಯ ನಡುವೆ ಕೂದಲೆಳೆಯಂಥ ರಂಧ್ರ. ನೀರು ತುಂಬಿ ಬಿರಡೆ ಒತ್ತಿದರೆ ಹೆಚ್ಚಾದದ್ದು ರಂಧ್ರದಿಂದ ಉಕ್ಕುತ್ತದೆ, ಒರೆಸಿ ತೂಗಬೇಕು. ಆಮೇಲೆ ಹರಳನ್ನು ಒಳಗೆ ಬಿಟ್ಟು, ಮತ್ತೆ ತುಂಬಿ, ಮತ್ತೆ ತೂಗಬೇಕು. ಹರಳು ಎಷ್ಟು ನೀರನ್ನು ಹೊರದಬ್ಬಿತು ಎಂಬುದು ಲೆಕ್ಕದಲ್ಲಿ ಬರುತ್ತದೆ. ಮಾಣಿಕ್ಯವಾದರೆ 0.1 ಗ್ರಾಂ, ಗಾಜಾದರೆ 0.16.

ಹೇಳಲು ಸುಲಭ. ಆದರೆ 25 ಮಿಲಿಲೀಟರಿನ ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ನೀರನ್ನು ಒಂದೇ ಡಿಗ್ರಿ ಬೆಚ್ಚಗಾಗಿಸಿದರೂ ಆರೇಳು ಮಿಲಿಗ್ರಾಂ ನೀರು ಹಿಗ್ಗಿ ಹೊರಬೀಳುತ್ತದೆ. ಅದನ್ನು ಒರೆಸಿ ತೂಗಿದಿರೋ, ಮಾಣಿಕ್ಯದ ಸಾಂದ್ರತೆ 3.75ರ ಹತ್ತಿರ ಇಳಿಯುತ್ತದೆ. ಇನ್ನು ಗುಳ್ಳೆಯ ಕಾಟ. ಹರಳಿಗೆ ಅಂಟಿದ ಎರಡು ಮಿಲಿಮೀಟರ್ ಅಗಲದ ಒಂದು ಗುಳ್ಳೆ ತಾನೂ ಹರಳೆಂಬಂತೆ ನಾಲ್ಕು ಮಿಲಿಗ್ರಾಂ ನೀರಿನ ಜಾಗ ಹಿಡಿಯುತ್ತದೆ. ಅದಕ್ಕೇ ಕುದಿಸಿ ಆರಿಸಿದ ನೀರು ಬಳಸುವುದು, ಸೀಸೆಯ ಕತ್ತನ್ನಷ್ಟೇ ಬೆರಳತುದಿಯಲ್ಲಿ ಹಿಡಿಯುವುದು. ನೀರಲ್ಲಿ ಕರಗುವ ವಸ್ತುವಾದರೆ ಈ ಆಟ ನಡೆಯದು. ಆಗ ನೀರಿನ ಬದಲು ಹೀಲಿಯಂ ಅನಿಲ ತುಂಬಿ, ಒತ್ತಡದ ವ್ಯತ್ಯಾಸದಿಂದ ಗಾತ್ರ ಕಂಡುಕೊಳ್ಳುವ ಯಂತ್ರವಿದೆ.

ಇಟಲಿಯ ಗೆಲಿಲಿಯೊ 1586ರಲ್ಲೇ, ಇಪ್ಪತ್ತೆರಡರ ಹರೆಯದಲ್ಲಿ, ವಸ್ತುವನ್ನು ನೀರಲ್ಲಿ ತೂಗುವ ಪುಟ್ಟ ತಕ್ಕಡಿಯೊಂದನ್ನು ವಿವರಿಸಿದ್ದ. ಅದರ ದಂಡಕ್ಕೆ ಸುತ್ತಿದ ಸಣ್ಣ ತಂತಿಯ ಸುತ್ತುಗಳೇ ಅಳತೆಯ ಗೆರೆಗಳು. ಎಣಿಸಲು ಕಣ್ಣು ಸೋಲುತ್ತದಲ್ಲ! ಚೂಪಾದ ಮೊನೆಯನ್ನು ಅವುಗಳ ಮೇಲೆ ಎಳೆದು, ಸದ್ದು ಕೇಳಿ ಎಣಿಸಿ ಎಂದ. ಈ ವಿದ್ಯೆಯಲ್ಲಿ ನನಗೆ ಅತಿ ಇಷ್ಟವಾದ ಉಪಾಯ ಅದು.

ನಮ್ಮ ಹರಳು 4 ಎಂದು ಹೇಳಿತು ಅನ್ನಿ. ಗಾಜಲ್ಲ, ಸರಿ. ಆದರೆ ಕೆಲವು ಗಾರ್ನೆಟ್‌ಗಳೂ ಅಷ್ಟೇ ತೂಗುತ್ತವೆ. ಕುಲುಮೆಯಲ್ಲಿ ಬೆಳೆಸಿದ ಕೃತಕ ಮಾಣಿಕ್ಯವಂತೂ ಅದೇ ಪದಾರ್ಥ, ಅದೇ ಸಾಂದ್ರತೆ. ಅಲ್ಲಿಂದ ಮುಂದೆ ತಕ್ಕಡಿ ಬದಿಗಿಟ್ಟು ಸೂಕ್ಷ್ಮದರ್ಶಕ ಹಿಡಿಯಬೇಕು.