ಕರಡಿಗೆ ಎಷ್ಟು ದೊಡ್ಡ ಕೋವಿ ಬೇಕು?

ಕೆನಡಾದ ಅಲ್ಬರ್ಟಾ ಪ್ರಾಂತ್ಯದ ಸ್ಲೇವ್ ಲೇಕ್ ಹತ್ತಿರ 1953ರ ಮೇ 10ರಂದು ಬೆಲ್ಲಾ ಟ್ವಿನ್ ಎಂಬ ಕ್ರೀ ಬುಡಕಟ್ಟಿನ ಮಹಿಳೆ ಆ ಕಾಲಕ್ಕೆ ದಾಖಲೆ ಎನಿಸಿದ ಗ್ರಿಜ್ಲಿ ಕರಡಿಯೊಂದನ್ನು ಹೊಡೆದುರುಳಿಸಿದರು. ಆಗ ಅವರಿಗೆ 63 ವರ್ಷ. ಕೈಯಲ್ಲಿದ್ದದ್ದು ಮೊಲ, ಹಕ್ಕಿ ಹೊಡೆಯಲು ಬಳಸುವ, ಸಲಕ್ಕೆ ಒಂದೇ ತೋಟಾ ಹಿಡಿಯುವ ಪಾಯಿಂಟ್ 22 ರೈಫಲ್. ಅವರು ಅವಿತಿದ್ದ ಜಾಗಕ್ಕೆ ಕರಡಿ ತೀರಾ ಹತ್ತಿರವಾದಾಗ ತಲೆಬುರುಡೆಯ ಪಕ್ಕಕ್ಕೆ ಗುರಿಯಿಟ್ಟು ಈಡು ಹೊಡೆದರು. ಬಿದ್ದ ಮೇಲೂ ನಂಬದೆ, ಮತ್ತೆ ಮತ್ತೆ ತೋಟಾ ತುಂಬಿ ಅಲ್ಲಿಗೇ ಹೊಡೆದರು.

"ನೋಡಿ, ಕೋವಿ ಯಾವುದಾದರೇನು" ಎನ್ನುವವರಿಗೆ ಇದು ಬಲು ಪ್ರಿಯವಾದ ಕಥೆ. ಅವರು ಹೇಳದೆ ಬಿಡುವ ಸಂಗತಿಯೆಂದರೆ, ಆ ಕರಡಿ ಬೆಲ್ಲಾ ಅವರ ಮೇಲೆ ನುಗ್ಗಿ ಬರುತ್ತಿರಲಿಲ್ಲ. ಅವರಿಗೆ ಗುರಿ ಹಿಡಿಯಲು ಪುರುಸೊತ್ತಿತ್ತು. ಕರಡಿ ಸೀಮೆಯಲ್ಲಿ ಕೋವಿ ತೋಟಾಗಳ ಬಗ್ಗೆ ಓಡಾಡುವ ನಂಬಿಕೆಗಳು ಬಹುಪಾಲು ಹೀಗೆ ಹುಟ್ಟಿದವು. ಘಟನೆ ನಿಜವೇ ಇರುತ್ತದೆ. ಬಾಯಿಂದ ಬಾಯಿಗೆ ದಾಟುವಾಗ ಸನ್ನಿವೇಶ ಕಳಚಿಬಿದ್ದು ಕೋವಿಯ ಹೆಸರು ಮಾತ್ರ ಉಳಿಯುತ್ತದೆ.

ಕನ್ನಡ ಓದುಗರಿಗೆ ಶಿಕಾರಿಯ ಕೋವಿ ಪರಿಚಯವಾದದ್ದು ಹೆಚ್ಚಾಗಿ ಕೆನೆತ್ ಆಂಡರ್ಸನ್ ಕಥೆಗಳಿಂದ, ಪೂರ್ಣಚಂದ್ರ ತೇಜಸ್ವಿ ಅವನ್ನು ಕನ್ನಡಕ್ಕೆ ತಂದದ್ದರಿಂದ. ಅರಸೀಕೆರೆ ಕಡೆ ಜನರನ್ನು ಕೊಂದ ಕರಡಿಯ ಬೆನ್ನು ಹತ್ತಿ ಆಂಡರ್ಸನ್ ಬರೆದದ್ದೂ ಇದೆ. ಆದರೆ ಬೇಟೆಗಾರ ಕರಡಿಯನ್ನು ಹುಡುಕಿಕೊಂಡು ಹೋಗುತ್ತಾನೆ, ಸಿದ್ಧನಾಗಿ ಹೋಗುತ್ತಾನೆ. ಬೆನ್ನಿಗೆ ಚೀಲ ಹಾಕಿಕೊಂಡು ಅಲಾಸ್ಕಾದ ಹೊಳೆದಂಡೆಯಲ್ಲಿ ನಡೆಯುವವನ ಕಥೆಯೇ ಬೇರೆ. ಗ್ರಿಜ್ಲಿ ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದೂರದ ಪೊದೆಯಿಂದ ಹೊರಟರೆ ನಿಮ್ಮ ಮೈಮೇಲೆ ಬೀಳಲು ಅದಕ್ಕೆ ಎರಡು ಸೆಕೆಂಡು ಸಾಕು. ಆ ಎರಡು ಸೆಕೆಂಡಿನಲ್ಲಿ ನೋಡಬೇಕು, ನಂಬಬೇಕು, ಕೋವಿ ಕೈಗೆ ಬರಬೇಕು, ಸೇಫ್ಟಿ ಬಿಡಿಸಬೇಕು, ಗುರಿ ಕೂರಬೇಕು. ಮುಂದಿನ ಪ್ರತಿ ನಂಬಿಕೆಯನ್ನೂ ಈ ಎರಡು ಸೆಕೆಂಡಿನ ಒಳಗೆ ಇಟ್ಟು ನೋಡಬೇಕು.

"ಕ್ಯಾಲಿಬರ್ ದೊಡ್ಡದಾದಷ್ಟೂ ಒಳ್ಳೆಯದು"

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಅದು ದೊಡ್ಡದಿರಬೇಕೆಂಬ ಮಾತನ್ನು ಸಿನಿಮಾಗಳೂ ಅಂಗಡಿಯವರೂ ಸೇರಿ ಬೆಳೆಸಿದರು. 1955ರಲ್ಲಿ ಬಂದ 44 ಮ್ಯಾಗ್ನಮ್ ರಿವಾಲ್ವರನ್ನು 1971ರ 'ಡರ್ಟಿ ಹ್ಯಾರಿ' ಚಿತ್ರ ಮನೆಮಾತಾಗಿಸಿತು. 2003ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಅದನ್ನೂ ಮೀರಿಸುವ 500 ಮ್ಯಾಗ್ನಮ್ ತಂದಿತು. ಇಂಥ ರಿವಾಲ್ವರು ಕೈಯನ್ನು ಎಷ್ಟು ಜೋರಾಗಿ ಒದೆಯುತ್ತದೆಂದರೆ, ಮೊದಲ ಈಡಿಗೇ ನಳಿಗೆ ಆಕಾಶ ನೋಡುತ್ತದೆ. ಅದನ್ನು ಮತ್ತೆ ಕೆಳಗಿಳಿಸಿ ಎರಡನೆಯ ಈಡು ಹೊಡೆಯುವಷ್ಟರಲ್ಲಿ ಕರಡಿ ಬಂದಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಒದೆತಕ್ಕೆ ಹೆದರಿದವರು ಅಭ್ಯಾಸವನ್ನೇ ಮಾಡುವುದಿಲ್ಲ. ಕೊಂಡ ದಿನ ಐದಾರು ತೋಟಾ ಸಿಡಿಸಿ, ಮಣಿಕಟ್ಟು ನೀವಿಕೊಂಡು, ಒಳಗಿಟ್ಟರೆ ಮುಗಿಯಿತು.

ಹಾಗೆಂದು ಶಕ್ತಿಯ ಲೆಕ್ಕ ಸುಳ್ಳಲ್ಲ. ಸೊಂಟದಲ್ಲಿ ನೇತಾಡುವ ಯಾವ ಸಾಮಾನ್ಯ ರಿವಾಲ್ವರೂ ಉದ್ದ ನಳಿಗೆಯ ರೈಫಲ್‌ಗೆ ಸಾಟಿಯಾಗದು. 1906ರಿಂದ ಬಳಕೆಯಲ್ಲಿರುವ 30-06 ರೈಫಲ್ ತೋಟಾ ಕೂಡ 44 ಮ್ಯಾಗ್ನಮ್ ರಿವಾಲ್ವರಿನ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಲಿಯಂ ಮೀಹನ್ ಮತ್ತು ಜಾನ್ ಥಿಲೇನಿಯಸ್ 1983ರಲ್ಲಿ ಪ್ರಕಟಿಸಿದ ವರದಿ ಇವತ್ತಿಗೂ ಓದಬೇಕಾದದ್ದು. ಅಲಾಸ್ಕಾದ ಕಾಡಿನಲ್ಲಿ ಕೆಲಸ ಮಾಡುವ ತಮ್ಮ ಸಿಬ್ಬಂದಿ ಏನು ಹಿಡಿಯಬೇಕೆಂದು ತಿಳಿಯಲು ಅವರು ಕೋವಿಗಳನ್ನು 15 ಗಜ ದೂರದಿಂದ ಹೊಡೆದು ನೋಡಿದರು. ದೈತ್ಯ ಕ್ಯಾಲಿಬರ್‌ಗಳು ಮೇಲಿದ್ದವು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ 220 ಗ್ರೇನ್, ಅಂದರೆ ಸುಮಾರು 14 ಗ್ರಾಂ ತೂಕದ ಗುಂಡು ಹಾಕಿದ ಹಳೆಯ 30-06 ಕೂಡ ಅವುಗಳಿಗೆ ಹೆಚ್ಚು ಹಿಂದೆ ಉಳಿಯಲಿಲ್ಲ. ಭಾರದ ಗುಂಡು, ತಡೆದುಕೊಳ್ಳಬಹುದಾದ ಒದೆತ: ಪರೀಕ್ಷೆಯಿಂದ ಕಲಿಯಬೇಕಾದದ್ದು ಇಷ್ಟು.

2016ರಲ್ಲಿ ದೊಡ್ಡ ಕ್ಯಾಲಿಬರ್ ವಾದಕ್ಕೆ ಇನ್ನೊಂದು ತುದಿಯ ಕಥೆ ಹುಟ್ಟಿತು. ಅಲಾಸ್ಕಾದ ಹೆಸರಾಂತ ಬೇಟೆ ಮಾರ್ಗದರ್ಶಿ ಫಿಲ್ ಶೂಮೇಕರ್ ನುಗ್ಗಿ ಬಂದ ಕಂದು ಕರಡಿಯನ್ನು (ಗ್ರಿಜ್ಲಿಯೂ ಇದೇ ಜಾತಿ) 9 ಎಂಎಂ ಪಿಸ್ತೂಲಿನಿಂದ ಕೊಂದು, ತಾವೇ ಅದರ ಬಗ್ಗೆ ಬರೆದರು. ಮರುದಿನದಿಂದಲೇ "9 ಎಂಎಂ ಸಾಕು" ಎಂಬ ವಾದ ಶುರು. ಶೂಮೇಕರ್ ಕರಡಿಗಳ ನಡುವೆ ದಶಕಗಳನ್ನು ಕಳೆದವರು, ಅದರ ಮೈಯೊಳಗೆ ಯಾವ ಅಂಗ ಎಲ್ಲಿದೆಯೆಂದು ಬಲ್ಲವರು. ಪಿಸ್ತೂಲಿನಲ್ಲಿ ಹಾಕಿದ್ದ ತೋಟಾವೂ ಅಂಗಡಿಯ ಮಾಮೂಲಿ ಸರಕಾಗಿರದೆ, ಗಟ್ಟಿ ಸೀಸದ, ಚಪ್ಪಟೆ ಮೂತಿಯ, ಆಳಕ್ಕೆ ಇಳಿಯಲೆಂದೇ ಮಾಡಿದ ಗುಂಡಾಗಿತ್ತು. ಈ ಕೊನೆಯ ವಿವರ ಮುಖ್ಯ. ನನ್ನ ಮಟ್ಟಿಗೆ, ಕರಡಿಯ ವಿಷಯದಲ್ಲಿ ಕೋವಿಯ ಆಯ್ಕೆಗಿಂತ ತೋಟಾದ ಆಯ್ಕೆಯಲ್ಲೇ ಜನ ಹೆಚ್ಚು ಎಡವುತ್ತಾರೆ.

ಮನೆಗೆ ನುಗ್ಗುವ ಕಳ್ಳನಿಗೆಂದು ಇಟ್ಟುಕೊಳ್ಳುವ ಪಿಸ್ತೂಲಿನಲ್ಲಿ ಸಾಮಾನ್ಯವಾಗಿ ಟೊಳ್ಳು ಮೂತಿಯ ಗುಂಡು ಇರುತ್ತದೆ. ಮೈಗೆ ತಾಗಿದ ಕೂಡಲೇ ಅದು ಹೂವಿನಂತೆ ಅರಳುತ್ತದೆ, ಬೇಗ ನಿಲ್ಲುತ್ತದೆ. ಮನುಷ್ಯನನ್ನು ದಾಟಿಹೋಗಿ ಹಿಂದಿದ್ದವರಿಗೆ ತಾಗದಿರಲಿ ಎಂಬುದು ಅದರ ಹಿಂದಿನ ಯೋಚನೆ. ಕರಡಿಗೆ ಬೇಕಾದದ್ದು ಇದರ ತದ್ವಿರುದ್ಧ. ದಟ್ಟ ರೋಮ, ಕೊಬ್ಬಿನ ಪದರ, ಭುಜದ ದಪ್ಪ ಸ್ನಾಯು, ಮೂಳೆ, ಇಷ್ಟನ್ನೂ ದಾಟಿದರೆ ಮಾತ್ರ ಗುಂಡು ಜೀವದ ಅಂಗ ಮುಟ್ಟುತ್ತದೆ. ಅಲಾಸ್ಕಾ ಕರಾವಳಿಯ ದೊಡ್ಡ ಗಂಡು ಕಂದು ಕರಡಿ ಐನೂರು ಕಿಲೋ ದಾಟುವುದುಂಟು. ಅದರ ಹೆಗಲಿನಲ್ಲಿ ಅರಳಿ ನಿಂತ ಗುಂಡು ಕರಡಿಯನ್ನು ಕೆರಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ.

ಮಲೆನಾಡು, ಕೊಡಗಿನ ಓದುಗರಿಗೆ ಜೋಡು ನಳಿಗೆ ಕೋವಿಯೂ ಎಸ್‌ಜಿ, ಎಲ್‌ಜಿ ತೋಟಾಗಳೂ ಗೊತ್ತು. ಒಂದೇ ಈಡಿಗೆ ಹಲವು ಸೀಸದ ಗೋಲಿಗಳು ಹರಡಿಕೊಂಡು ಹೋಗುವುದರಿಂದ ತಪ್ಪುವ ಸಂಭವ ಕಡಿಮೆ ಎಂಬ ಧೈರ್ಯ ಅದರ ಮೇಲೆ. ಅಮೆರಿಕದಲ್ಲೂ 12 ಬೋರ್ ಕೋವಿಯ ಬಗ್ಗೆ ಇದೇ ನಂಬಿಕೆಯಿದೆ. ಗೋಲಿಗಳು ಹರಡುವುದು ನಿಜ. ಆದರೆ ಒಂದೊಂದು ಗೋಲಿಯೂ ಹಗುರ, ಕರಡಿಯ ಮೈಯಲ್ಲಿ ಆಳಕ್ಕೆ ಇಳಿಯುವುದಿಲ್ಲ. ಹತ್ತಡಿಯ ದೂರದಲ್ಲಾದರೆ ಹರಡಲು ಜಾಗವೂ ಇಲ್ಲ. ಅದೇ ಕೋವಿಗೆ ಸ್ಲಗ್ ಎಂಬ ಒಂಟಿ ಗಟ್ಟಿಗುಂಡಿನ ತೋಟಾ ಹಾಕಿದರೆ ಅದು ಕರಡಿಯೆದುರು ಮರ್ಯಾದೆಯ ಆಯುಧ. ಸ್ಲಗ್‌ನಲ್ಲೂ ಮೆತ್ತನೆ ಸೀಸದ್ದು ಮೂಳೆಗೆ ಬಡಿದು ಚಪ್ಪಟೆಯಾಗುತ್ತದೆ. ಜರ್ಮನಿಯ ಬ್ರೆನೆಕೆ ಮಾದರಿಯ ಗಟ್ಟಿ ಸೀಸದ್ದನ್ನೇ ಅಲಾಸ್ಕಾದ ಜನ ಹುಡುಕುವುದು ಇದೇ ಕಾರಣಕ್ಕೆ.

ಕರಡಿಯ ತಲೆಬುರುಡೆಗೆ ಗುಂಡು ತಗುಲಿದರೆ ಪುಟಿದು ಹೋಗುತ್ತದೆ ಎಂಬ ಮಾತೂ ಇದೆ. ಬೆಲ್ಲಾ ಟ್ವಿನ್ ಅವರ ಪಾಯಿಂಟ್ 22 ಗುಂಡು ಬುರುಡೆ ತೂರಿದ್ದು ನೋಡಿದರೆ ಅದು ಉಕ್ಕಿನ ಕವಚವಲ್ಲ ಎಂದು ತಿಳಿಯುತ್ತದೆ. ಕಷ್ಟ ಇರುವುದು ಬೇರೆ ಕಡೆ: ಆ ದೊಡ್ಡ ತಲೆಯೊಳಗೆ ಮಿದುಳು ಚಿಕ್ಕದು. ಹಣೆ ಹಿಂದಕ್ಕೆ ಜಾರಿದಂತಿದೆ. ಓಡಿ ಬರುವಾಗ ತಲೆ ಮೇಲೆ ಕೆಳಗೆ ತೂಗುತ್ತದೆ. ಎತ್ತರಕ್ಕೆ ಹೊಡೆದ ಗುಂಡು ಮಾಂಸ ಹರಿದು ಹೊರಟುಹೋಗುತ್ತದೆ, ನೋಡಿದವರು "ಪುಟಿಯಿತು" ಎನ್ನುತ್ತಾರೆ.

"ಸ್ಪ್ರೇ ಹೆದರುಪುಕ್ಕಲರಿಗೆ, ಕೋವಿ ಗಂಡಸರಿಗೆ"

ಕರಡಿಯನ್ನು ತಡೆಯಲು ಕೋವಿಯೋ ಮೆಣಸಿನ ಸ್ಪ್ರೇಯೋ ಎಂಬ ಈ ಜಗಳ ಅಮೆರಿಕದಲ್ಲಿ ಮುಗಿಯುವಂಥದ್ದಲ್ಲ. ಎರಡೂ ಕಡೆಯವರು ಎಸೆದಾಡುವುದು ಮಾತ್ರ ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರ ಅಧ್ಯಯನಗಳನ್ನೇ. 2008ರಲ್ಲಿ ಅವರು ಅಲಾಸ್ಕಾದಲ್ಲಿ ಮೆಣಸಿನ ಸ್ಪ್ರೇ ಬಳಸಿದ ಪ್ರಕರಣಗಳನ್ನು ನೋಡಿದರು: ಕಂದು ಕರಡಿಗಳ ವಿಷಯದಲ್ಲಿ ಶೇ. 92 ಸಲ ಸ್ಪ್ರೇ ಕೆಲಸ ಮಾಡಿತ್ತು, ತೀರಾ ಹತ್ತಿರದ ಮುಖಾಮುಖಿಯಲ್ಲಿ ಸ್ಪ್ರೇ ಹಿಡಿದಿದ್ದ ಶೇ. 98 ಮಂದಿಗೆ ಗಾಯವಾಗಿರಲಿಲ್ಲ. 2012ರಲ್ಲಿ ಕೋವಿಗಳ ಸರದಿ. 1883ರಿಂದ 2009ರವರೆಗಿನ 269 ಘಟನೆಗಳು. ಪಿಸ್ತೂಲು, ರಿವಾಲ್ವರುಗಳಿಗೆ ಶೇ. 84, ಉದ್ದ ಕೋವಿಗಳಿಗೆ ಶೇ. 76 ಯಶಸ್ಸು.

92 ದೊಡ್ಡದು, 84 ಚಿಕ್ಕದು, ಆದ್ದರಿಂದ ಸ್ಪ್ರೇ ಗೆದ್ದಿತು ಎನ್ನುವುದೂ ಒಂದು ತಪ್ಪು ಕಲ್ಪನೆಯೇ. ಎರಡು ಅಧ್ಯಯನಗಳ ಕರಡಿಗಳು ಒಂದೇ ಬಗೆಯವಲ್ಲ. ಸ್ಪ್ರೇ ಎದುರಿಸಿದವುಗಳಲ್ಲಿ ಕುತೂಹಲಕ್ಕೆ, ಊಟದ ವಾಸನೆಗೆ ಬಂದವೂ ಸೇರಿದ್ದವು. ಕೋವಿಯ ಕಡತಕ್ಕೆ ಹೆಚ್ಚಾಗಿ ಸೇರಿದ್ದು ರಕ್ತ ಹರಿದ ಪ್ರಕರಣಗಳು. ಒಂದು ಈಡಿಗೆ ಕರಡಿ ಓಡಿಹೋದದ್ದನ್ನು ಯಾರೂ ಹೋಗಿ ಬರೆಸುವುದಿಲ್ಲ. ಹಾಗಾಗಿ ಶೇಕಡಾವಾರು ಬಿಟ್ಟು, ಕೋವಿ ಏಕೆ ಸೋತಿತು ಎಂಬ ಪಟ್ಟಿ ನೋಡುವುದು ಲಾಭ. ಸಮಯ ಸಾಲಲಿಲ್ಲ ಎಂಬುದೇ ಎಲ್ಲಕ್ಕಿಂತ ಮೇಲಿದೆ. ಕೋವಿ ಕೈಕೊಟ್ಟಿತು, ಗುರಿ ತಪ್ಪಿತು, ಸೇಫ್ಟಿ ಬಿಡಿಸಲಾಗಲಿಲ್ಲ, ತೋಟಾ ಮುಗಿಯಿತು, ಕಾಲು ಜಾರಿತು ಎಂಬವೆಲ್ಲ ಅದರ ಕೆಳಗೆ. ಕ್ಯಾಲಿಬರ್ ಎಷ್ಟು ದೊಡ್ಡದಿದ್ದರೂ ಇವು ಬಗೆಹರಿಯುವುದಿಲ್ಲ. ಕೋವಿ ಹೊಡೆದವರಿಗೂ ಕೋವಿಯಿದ್ದು ಹೊಡೆಯದವರಿಗೂ ಆದ ಗಾಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂಬುದು ಆ ಅಧ್ಯಯನದ ಇನ್ನೊಂದು ಮಾತು. ಕೋವಿಯ ಅಭ್ಯಾಸವಿಲ್ಲದ ಪ್ರವಾಸಿಗೆ ನಾನು ಕಣ್ಣುಮುಚ್ಚಿ ಸ್ಪ್ರೇ ಎನ್ನುತ್ತೇನೆ. ಅದಕ್ಕೆ ನಿಖರ ಗುರಿ ಬೇಡ, ಏಳೆಂಟು ಮೀಟರ್‌ವರೆಗೆ ಮೋಡದಂತೆ ಕವಿಯುತ್ತದೆ.

ಸ್ಪ್ರೇ ಬಗ್ಗೆಯೂ ನಗು ಬರಿಸುವ ನಂಬಿಕೆಗಳಿವೆ. ಸೊಳ್ಳೆ ಓಡಿಸುವ ಔಷಧಿಯಂತೆ ಅದನ್ನು ಡೇರೆಗೂ ಬಟ್ಟೆಗೂ ಸಿಂಪಡಿಸಿಕೊಂಡವರಿದ್ದಾರೆ. ಗಾಳಿಯಲ್ಲಿದ್ದಾಗ ಕಣ್ಣು, ಮೂಗು ಉರಿಸುವ ಅದೇ ಮೆಣಸು ನೆಲದ ಮೇಲೆ ಕೂತ ಮೇಲೆ ಕರಡಿಗೆ ಪರಿಮಳ. ಸಿಂಪಡಿಸಿದ ಜಾಗ ಹುಡುಕಿಕೊಂಡು ಬಂದು ಕಂದು ಕರಡಿಗಳು ಅಲ್ಲಿ ಹೊರಳಾಡಿದ್ದನ್ನು ಸ್ಮಿತ್ 1998ರಲ್ಲೇ ಪ್ರಕಟಿಸಿದ್ದರು. ಹೆಣ್ಣುಮಕ್ಕಳು ಚೀಲದಲ್ಲಿಟ್ಟುಕೊಳ್ಳುವ ಪುಟ್ಟ ಪೆಪ್ಪರ್ ಸ್ಪ್ರೇ ಕೂಡ ಇದಕ್ಕೆ ಬದಲಿಯಲ್ಲ. ಕರಡಿ ಸ್ಪ್ರೇ ಡಬ್ಬಿಯಲ್ಲಿ ಖಾರದ ಪ್ರಮಾಣ ಶೇ. 1ರಿಂದ 2 ಮಾತ್ರ, ಅದರ ಬಲವಿರುವುದು ಹರವಿನಲ್ಲಿ. ಎದುರು ಗಾಳಿಯಿದ್ದರೆ ಖಾರ ನಿಮ್ಮ ಮುಖಕ್ಕೇ ಬರುತ್ತದೆ. ಕೊರೆಯುವ ಚಳಿಯಲ್ಲಿ ಡಬ್ಬಿಯ ಒತ್ತಡ ಕುಗ್ಗುತ್ತದೆ. ವಿಮಾನದಲ್ಲಿ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅಲ್ಲಿಗೆ ಹೋದ ಮೇಲೆಯೇ ಕೊಳ್ಳಬೇಕು. ಕೊಂಡದ್ದನ್ನು ಬೆನ್ನಿನ ಚೀಲದ ತಳದಲ್ಲಿಟ್ಟರೆ ಎರಡು ಸೆಕೆಂಡಿನ ಲೆಕ್ಕದಲ್ಲಿ ಅದು ಇದ್ದೂ ಇಲ್ಲದಂತೆ.

ಎಲ್ಲೆಡೆ ಸ್ಪ್ರೇಯೇ ಸರಿ ಎನ್ನುವವರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳನ್ನು ಮರೆಯುತ್ತಾರೆ. ಅಲ್ಲಿ ಮೆಣಸಿನ ಸ್ಪ್ರೇಗೆ ಬಹುಕಾಲ ಕಾನೂನಿನ ನಿಷೇಧವಿತ್ತು. ಊರು ದಾಟಿದರೆ ಹಿಮಕರಡಿಯನ್ನು ಬೆದರಿಸಿ ಓಡಿಸುವ ಸಾಧನ ಜೊತೆಗಿರಲೇಬೇಕು; ಕೋವಿಯೂ ಇರಲಿ ಎಂದು ಆಡಳಿತವೇ ಸಲಹೆ ಕೊಡುತ್ತದೆ, ಕನಿಷ್ಠ 308 ಅಥವಾ 30-06 ಕ್ಯಾಲಿಬರ್‌ನದು. ಆದರೆ 2011ರ ಆಗಸ್ಟ್‌ನಲ್ಲಿ ಅಲ್ಲಿಗೆ ಬಂದ ಬ್ರಿಟನ್ನಿನ ವಿದ್ಯಾರ್ಥಿಗಳ ಶಿಬಿರಕ್ಕೆ ಹಿಮಕರಡಿ ನುಗ್ಗಿದಾಗ, ಸುತ್ತ ಕಟ್ಟಿದ್ದ ಎಚ್ಚರಿಕೆಯ ತಂತಿ ಕೆಲಸ ಮಾಡಲಿಲ್ಲ, ರೈಫಲ್ಲೂ ಹಲವು ಸಲ ಸಿಡಿಯಲಿಲ್ಲ. ಹದಿನೇಳರ ಹುಡುಗನೊಬ್ಬ ಸತ್ತ, ನಾಲ್ವರು ಗಾಯಗೊಂಡರು. ಕೊನೆಗೆ ಅದೇ ರೈಫಲ್ ಸಿಡಿದು ಕರಡಿ ಸತ್ತಿತು. ಅದು ಕರಡಿಗೆ ಸಾಲದ ಕೋವಿಯಾಗಿರಲಿಲ್ಲ.

"ಅಮೆರಿಕದಲ್ಲಿ ಯಾರು ಬೇಕಾದರೂ ಕೋವಿ ಹಿಡಿಯಬಹುದು"

ಸಿಯಾಟಲ್, ಬೇ ಏರಿಯಾಗಳಿಂದ ಯೆಲ್ಲೋಸ್ಟೋನ್ ಕಡೆ ಹೊರಡುವ ಕನ್ನಡಿಗರು ಇದನ್ನು ಗಮನಿಸಬೇಕು. ಎಚ್-1ಬಿ, ವಿದ್ಯಾರ್ಥಿ ಇಲ್ಲವೇ ಪ್ರವಾಸಿ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಅಪರಾಧ; ಬೇಟೆ ಪರವಾನಗಿ ಇರುವುದೇ ಮೊದಲಾದ ಕೆಲವು ವಿನಾಯಿತಿಗಳಿವೆ, ಅಷ್ಟೆ. 2010ರಿಂದ ರಾಷ್ಟ್ರೀಯ ಉದ್ಯಾನಗಳೊಳಗೆ ಆಯಾ ರಾಜ್ಯದ ನಿಯಮದಂತೆ ಕೋವಿ ಒಯ್ಯಬಹುದಾದರೂ ಯೆಲ್ಲೋಸ್ಟೋನ್‌ನಲ್ಲಿ ಅದನ್ನು ಸಿಡಿಸುವಂತಿಲ್ಲ. ಕರಡಿಯಿಂದ 100 ಗಜ ದೂರವಿರಬೇಕೆಂಬುದು ಅಲ್ಲಿನ ನಿಯಮ, ಸ್ಪ್ರೇ ಒಯ್ಯಿರಿ ಎಂಬುದು ಸಲಹೆ. ನಮ್ಮ ದರೋಜಿ ಕರಡಿಧಾಮದ ಕರಡಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಪ್ರಾಣರಕ್ಷಣೆಗೆ ಪ್ರಾಮಾಣಿಕವಾಗಿ ಕೊಂದರೆ ಅಪರಾಧವಲ್ಲ ಎಂದು ಅದರ 11ನೇ ಕಲಂ ಹೇಳಿದರೂ, ಆಗ ಆ ಕಾಯ್ದೆಯನ್ನೇ ಮುರಿಯುವ ಕೆಲಸದಲ್ಲಿದ್ದವನಿಗೆ ಆ ವಿನಾಯಿತಿ ಸಿಗದು.

ಕೊನೆಯದು, ಕೊಂದ ಕರಡಿಯ ಚರ್ಮ ಗೋಡೆಗೆ ಬರುತ್ತದೆ ಎಂಬ ಕನಸು. ಅಲಾಸ್ಕಾದಲ್ಲಿ ಪ್ರಾಣ ಉಳಿಸಿಕೊಳ್ಳಲು ಕೊಂದ ಕರಡಿ ರಾಜ್ಯದ ಆಸ್ತಿ. ಕೊಂದವನೇ ಅದರ ಚರ್ಮ ಸುಲಿಯಬೇಕು, ಉಗುರುಗಳನ್ನು ಬಿಡಿಸದೆ ಚರ್ಮವನ್ನೂ ತಲೆಬುರುಡೆಯನ್ನೂ ಹೊತ್ತು ತಂದು ಸರ್ಕಾರಕ್ಕೆ ಒಪ್ಪಿಸಬೇಕು, ಆದದ್ದೇನೆಂದು 15 ದಿನದೊಳಗೆ ಬರೆದುಕೊಡಬೇಕು. ಆಹಾರವನ್ನೋ ಕಸವನ್ನೋ ಬಯಲಲ್ಲಿ ಬಿಟ್ಟು ತಾನೇ ಕರಡಿಯನ್ನು ಕರೆಸಿಕೊಂಡವನಿಗೆ ಆತ್ಮರಕ್ಷಣೆಯ ಹೆಸರಿನ ವಿನಾಯಿತಿಯೂ ಇಲ್ಲ.