ಹೆಸರಿಗೆಷ್ಟು, ಸರಕಿಗೆಷ್ಟು?

ಕೈಯಲ್ಲಿ ಎರಡೋ ಮೂರೋ ಲಕ್ಷ ಇಟ್ಟುಕೊಂಡು ಫ್ರಾಂಚೈಸಿ ಹುಡುಕುವವರು ಈಗ ಪ್ರತಿ ಊರಲ್ಲೂ ಇದ್ದಾರೆ. ಆ ದುಡ್ಡು ಸ್ವಯಂ ನಿವೃತ್ತಿಯ ಇಡುಗಂಟಾಗಿರಬಹುದು, ಒಡವೆ ಅಡವಿಟ್ಟು ತಂದದ್ದಾಗಿರಬಹುದು, ಗಲ್ಫ್‌ನಲ್ಲಿ ದುಡಿದು ಉಳಿಸಿದ್ದಾಗಿರಬಹುದು. ಜನ ಆಗಲೇ ಬಲ್ಲ ಹೆಸರಿನ ಫಲಕ ಹಾಕಿದರೆ ಗಿರಾಕಿ ತಾನಾಗಿ ಬರುತ್ತಾನೆ ಎಂಬ ಅವರ ಲೆಕ್ಕಾಚಾರ ತಪ್ಪಲ್ಲ. ಆದರೆ ಹೆಚ್ಚಿನವರು ಮೊದಲು ಕೇಳುವುದು ‘ಎಷ್ಟು ಕಡಿಮೆಗೆ ಸಿಗುತ್ತದೆ?’ ಎಂದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಕಂಪನಿಗೆ ದುಡ್ಡು ಬರುವುದು ಯಾವಾಗ? ನಾನು ಒಪ್ಪಂದಕ್ಕೆ ಸಹಿ ಹಾಕಿದಾಗಲೋ, ನನ್ನ ಅಂಗಡಿಯಲ್ಲಿ ಸರಕು ಬಿಕರಿಯಾದಾಗಲೋ?

ಶುಲ್ಕವನ್ನೇ ಆದಾಯ ಮಾಡಿಕೊಂಡ ಕಂಪನಿಗೆ ಹೊಸ ಹೊಸ ಅಂಗಡಿ ತೆರೆಸುವುದೇ ವ್ಯಾಪಾರ. ತೆರೆದದ್ದು ನಿಲ್ಲುತ್ತದೋ ಇಲ್ಲವೋ ಎಂಬುದು ಆಮೇಲಿನ ಮಾತು. ಸರಕು ಮಾರಿ ಬದುಕುವ ಸಂಸ್ಥೆಗಾದರೆ ನಿಮ್ಮ ಬಾಗಿಲು ಮುಚ್ಚಿದ ದಿನ ಅದರ ವಹಿವಾಟೂ ಅಷ್ಟು ಕುಗ್ಗುತ್ತದೆ. ಸಣ್ಣ ಬಂಡವಾಳದವರು ಹುಡುಕಬೇಕಾದದ್ದು ಇಂಥ ಸಂಸ್ಥೆಯನ್ನು.

ಹಾಲಿನಂಗಡಿಯ ಲೆಕ್ಕ

ಅಮುಲ್ ತನ್ನ ಸಣ್ಣ ಮಳಿಗೆಗೆ ಪ್ರಕಟಿಸಿರುವ ಲೆಕ್ಕವನ್ನೇ ನೋಡಿ. 100ರಿಂದ 150 ಚದರಡಿ ಜಾಗ ಬೇಕು. ವಾಪಸ್ ಬಾರದ ಬ್ರ್ಯಾಂಡ್ ಭದ್ರತಾ ಮೊತ್ತ ₹25 ಸಾವಿರ, ಅಂಗಡಿ ಸಜ್ಜುಗೊಳಿಸಲು ಸುಮಾರು ₹1 ಲಕ್ಷ, ಫ್ರೀಜರ್ ಮೊದಲಾದವಕ್ಕೆ ಸುಮಾರು ₹75 ಸಾವಿರ. ಒಟ್ಟು ₹2 ಲಕ್ಷದ ಆಸುಪಾಸು. ರಾಯಲ್ಟಿ ಇಲ್ಲ, ಲಾಭದಲ್ಲಿ ಪಾಲೂ ಕೇಳುವುದಿಲ್ಲ. ಎಂಆರ್‌ಪಿ ಮೇಲೆ ಅಂಗಡಿಯವರಿಗೆ ಸಿಗುವುದು ಹಾಲಿನ ಪ್ಯಾಕೆಟ್‌ಗೆ ಸರಾಸರಿ ಶೇ 2.5, ಬೆಣ್ಣೆ–ಚೀಸ್‌ನಂಥ ಉತ್ಪನ್ನಗಳಿಗೆ ಶೇ 10, ಐಸ್‌ಕ್ರೀಮ್‌ಗೆ ಶೇ 20.

ಈ ದರಗಳನ್ನು ಇಟ್ಟುಕೊಂಡು ಒಂದು ತಿಂಗಳ ಲೆಕ್ಕ ಹಾಕೋಣ. ₹2 ಲಕ್ಷದ ಹಾಲು ಮಾರಿದರೆ ಉಳಿಯುವುದು ₹5 ಸಾವಿರ. ₹1 ಲಕ್ಷದ ಉತ್ಪನ್ನಗಳಿಂದ ₹10 ಸಾವಿರ, ₹50 ಸಾವಿರದ ಐಸ್‌ಕ್ರೀಮ್‌ನಿಂದ ಮತ್ತೆ ₹10 ಸಾವಿರ. ಮೂರೂವರೆ ಲಕ್ಷ ವಹಿವಾಟು ನಡೆದರೂ ಕೈಗೆ ಸಿಕ್ಕಿದ್ದು ₹25 ಸಾವಿರ. ಬಾಡಿಗೆಗೆ ₹10 ಸಾವಿರ, ಹಗಲೂರಾತ್ರಿ ಓಡುವ ಫ್ರೀಜರಿನ ಕರೆಂಟಿಗೆ ₹4 ಸಾವಿರ ಹೋದರೆ ಮನೆಗೆ ಒಯ್ಯುವುದು ₹11 ಸಾವಿರ. ಒಡೆದ ಪ್ಯಾಕೆಟ್ಟು, ಕರೆಂಟ್ ಹೋಗಿ ಕರಗಿದ ಐಸ್‌ಕ್ರೀಮು ಇದರಲ್ಲಿ ಸೇರಿಲ್ಲ. ಬೆಳಗಿನ ಜಾವ ಕ್ರೇಟ್ ಇಳಿಸಿಕೊಳ್ಳಲು ಸಂಬಳದ ಹುಡುಗನನ್ನು ಇಟ್ಟರಂತೂ ಲೆಕ್ಕ ಅಲ್ಲಿಗೇ ಮುಗಿಯಿತು.

ಹಾಲು ಗಿರಾಕಿಯನ್ನು ದಿನವೂ ಬಾಗಿಲಿಗೆ ಕರೆತರುತ್ತದೆ. ಸಂಸಾರ ನಡೆಸುವುದು ಉಳಿದ ಸರಕು. ನಂದಿನಿ ಪಾರ್ಲರ್ ಇಡುವವರೂ ಇದನ್ನು ನೆನಪಿಡಬೇಕು. ನಮ್ಮ ಊರುಗಳಲ್ಲಿ ನಂದಿನಿಗಿರುವ ಮನೆಮಾತಿನ ಬಲ ದೊಡ್ಡದು. ಆದರೆ ಪಾರ್ಲರಿನ ಆದಾಯವನ್ನು ತೀರ್ಮಾನಿಸುವುದು ಪೇಡ, ಮೈಸೂರ್‌ಪಾಕ್, ತುಪ್ಪ ಎಷ್ಟು ಹೋಗುತ್ತದೆ ಎನ್ನುವುದು. ಷರತ್ತು, ಕಮಿಷನ್ ಏನಿದ್ದರೂ ಆಯಾ ಹಾಲು ಒಕ್ಕೂಟದ ಕಚೇರಿಯಲ್ಲೇ ವಿಚಾರಿಸಿ.

ಸರ್ಕಾರಿ ಫಲಕದ ಅಂಗಡಿಗಳು

ಮನೆಯಲ್ಲಿ ಡಿ.ಫಾರ್ಮ ಅಥವಾ ಬಿ.ಫಾರ್ಮ ಓದಿದವರಿದ್ದರೆ ಜನೌಷಧಿ ಕೇಂದ್ರ ಒಳ್ಳೆಯ ದಾರಿ. ಕನಿಷ್ಠ 120 ಚದರಡಿ ಜಾಗವಿದ್ದರೆ ಸಾಕು. ತೆರಿಗೆ ಬಿಟ್ಟು ಎಂಆರ್‌ಪಿ ಮೇಲೆ ಶೇ 20ರಷ್ಟು ಮಾರ್ಜಿನ್ ಸಿಗುತ್ತದೆ. ಆದರೆ ಜಾಗ ಯಾರದು ಎಂಬುದನ್ನು ಯೋಚಿಸಬೇಕು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿತು. ನಡೆಸುತ್ತಿದ್ದವರು ಹೈಕೋರ್ಟ್ ಮೆಟ್ಟಿಲೇರಬೇಕಾಯಿತು. ಇನ್ನೊಬ್ಬರ ಆವರಣದಲ್ಲಿ ಗಿರಾಕಿ ಹೆಚ್ಚು, ಹಿಡಿತ ಕಡಿಮೆ.

ಅಂಚೆ ಇಲಾಖೆಯ ಫ್ರಾಂಚೈಸಿಗೆ ಠೇವಣಿ ಕೆಲವೇ ಸಾವಿರ. ಸ್ಪೀಡ್ ಪೋಸ್ಟ್‌ನಂಥ ಸೇವೆಗೆ, ಅಂಚೆಚೀಟಿ ಮಾರಾಟಕ್ಕೆ ಕಮಿಷನ್ ಬರುತ್ತದೆ. ಅದೊಂದನ್ನೇ ನಂಬಿ ಕೂರಲು ಆಗದು. ಸ್ಟೇಷನರಿ, ಜೆರಾಕ್ಸ್ ಅಂಗಡಿ ಇರುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಹಳ್ಳಿಗಳಲ್ಲಿ ಸರ್ಕಾರಿ ಸೇವೆಗಳನ್ನು ಒದಗಿಸುವ ‘ಗ್ರಾಮ ಒನ್’ ಕೇಂದ್ರಗಳೂ ಫ್ರಾಂಚೈಸಿ ಮಾದರಿಯಲ್ಲೇ ನಡೆಯುತ್ತಿವೆ.

ಶುಲ್ಕವಿಲ್ಲದೆ ಹಬ್ಬಿದ ಹೆಸರು

ಅಯ್ಯಂಗಾರ್ ಬೇಕರಿ ಎಂಬ ಫಲಕ ರಾಜ್ಯದ ಉದ್ದಗಲಕ್ಕೂ ಇದೆ. ಅದಕ್ಕೊಂದು ಕೇಂದ್ರ ಕಚೇರಿ ಇಲ್ಲ, ರಾಯಲ್ಟಿ ಕಟ್ಟುವವರೂ ಇಲ್ಲ. ಹಾಸನ ಸೀಮೆಯಿಂದ ಬಂದ ಹುಡುಗರು ಯಾರದೋ ಬೇಕರಿಯಲ್ಲಿ ಒಲೆಯ ಮುಂದೆ ನಿಂತು ಬನ್ನು, ಪಫ್ಸು, ಕಾಂಗ್ರೆಸ್ ಕಡಲೆಬೀಜದ ಕೆಲಸ ಕಲಿತರು. ಕಲಿತ ಮೇಲೆ ಇನ್ನೊಂದು ಬಡಾವಣೆಯಲ್ಲಿ ಸ್ವಂತ ಅಂಗಡಿ ತೆರೆದರು. ದುಡ್ಡಿನ ಬದಲು ಅವರು ದುಡಿಮೆ ಕೊಟ್ಟು ವಿದ್ಯೆ ಪಡೆದರು.

ಚಹಾ ಮಳಿಗೆಗೋ ದೋಸೆ ಮಳಿಗೆಗೋ ಲಕ್ಷಗಟ್ಟಲೆ ಶುಲ್ಕ ಕಟ್ಟುವ ಮುನ್ನ ಇದನ್ನು ನೆನೆಯಬೇಕು. ಆ ಹೆಸರು ಗೊತ್ತಿಲ್ಲದ ಊರಿನಲ್ಲಿ ಫಲಕದಿಂದ ಗಿರಾಕಿ ಬರುವುದಿಲ್ಲ. ಕಸುಬನ್ನು ನೀವೇ ಕಲಿಯಬಹುದಾದರೆ, ಸರಕು ಪಕ್ಕದ ಸಗಟು ಅಂಗಡಿಯಲ್ಲೇ ಸಿಗುವುದಾದರೆ ಆ ಶುಲ್ಕಕ್ಕೆ ಪ್ರತಿಯಾಗಿ ನಿಮಗೆ ಸಿಗುವುದು ತೀರಾ ಕಡಿಮೆ.

ಸಹಿ ಹಾಕುವ ಮೊದಲು

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವ ಕಂಪನಿ ತನ್ನ ಹಣಕಾಸು, ವ್ಯಾಜ್ಯಗಳ ವಿವರವನ್ನು ಸಹಿಗೆ 14 ದಿನ ಮೊದಲೇ ಕೊಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಜಗಳ ಬಂದರೆ ಆಧಾರ ಒಪ್ಪಂದದ ಕಾಗದವೇ. ಆದ್ದರಿಂದ ಕೇಳುವ ಕೆಲಸ ನಮ್ಮದೇ.

• ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರುತ್ತದೆ. ಒಪ್ಪಂದ ಎಷ್ಟು ವರ್ಷ? ನವೀಕರಣಕ್ಕೆ ಮತ್ತೆ ಶುಲ್ಕವೇ? ಠೇವಣಿ ಯಾವಾಗ, ಎಷ್ಟು ವಾಪಸ್? ಅದೇ ರಸ್ತೆಯಲ್ಲಿ ಇನ್ನೊಬ್ಬರಿಗೂ ಕೊಡುತ್ತಾರೆಯೇ? ಇಷ್ಟೂ ಬರಹದಲ್ಲಿರಬೇಕು.

• ಆ ಹೆಸರಿನ ಟ್ರೇಡ್‌ಮಾರ್ಕ್ ನೋಂದಣಿಯಾಗಿದೆಯೇ ಎಂದು ಸರ್ಕಾರಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

• ಕಂಪನಿ ತೋರಿಸಿದ ಮಳಿಗೆಯನ್ನಷ್ಟೇ ನೋಡಿ ಬರಬೇಡಿ. ಮುಚ್ಚಿದವರನ್ನೂ ಹುಡುಕಿ ಮಾತಾಡಿಸಿ.

• ‘ನೀವು ದುಡ್ಡು ಹಾಕಿ ಸಾಕು, ತಿಂಗಳಿಗಿಷ್ಟು ಖಾತರಿ’ ಎಂದವರಿಂದ ದೂರವಿರಿ. ವ್ಯಾಪಾರದಲ್ಲಿ ಅಂಥ ಖಾತರಿ ಇರುವುದಿಲ್ಲ.

• ಹೆಸರಾಂತ ಬ್ರ್ಯಾಂಡ್‌ಗಳ ನಕಲಿ ಜಾಲತಾಣ ಮಾಡಿ ‘ನೋಂದಣಿ ಶುಲ್ಕ’ ಕೀಳುವ ವಂಚಕರಿದ್ದಾರೆ. ಮೋಸ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಿ.

• ವರ್ಷದ ವಹಿವಾಟು ಸರಕಿಗೆ ₹40 ಲಕ್ಷ, ಸೇವೆಗೆ ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಯುಪಿಐ ವಹಿವಾಟು ಆಧರಿಸಿ 2025ರಲ್ಲಿ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ನೋಟಿಸ್ ಬಂದದ್ದನ್ನು ಮರೆಯಬಾರದು.

ಬಂಡವಾಳ ಸಾಲದಿದ್ದರೆ ಮುದ್ರಾ ಯೋಜನೆಯಿದೆ. ಶಿಶು ವಿಭಾಗದಲ್ಲಿ ₹50 ಸಾವಿರದವರೆಗೆ, ಕಿಶೋರದಲ್ಲಿ ₹5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಆದರೆ ಕೈಲಿರುವ ಮೂರು ಲಕ್ಷವನ್ನೂ ಅಂಗಡಿಗೆ ಸುರಿಯಬೇಡಿ. ಆರು ತಿಂಗಳ ಬಾಡಿಗೆ ಮತ್ತು ಮನೆಖರ್ಚನ್ನು ಬದಿಗಿಟ್ಟು, ಉಳಿದದ್ದರಲ್ಲಿ ಯಾವ ಫ್ರಾಂಚೈಸಿ ಬರುತ್ತದೆ ನೋಡಿ. ಅಷ್ಟರಲ್ಲಿ ಬಾರದಿದ್ದರೆ ಆ ಫ್ರಾಂಚೈಸಿ, ಜಾಹೀರಾತು ಏನೇ ಹೇಳಲಿ, ನಿಮ್ಮ ಪಾಲಿಗೆ ಅಗ್ಗದ್ದಲ್ಲ.